ಗ್ರಂಥಾಲಯದ ಮಾಳಿಗೆಗೆ ಸುಣ್ಣ

ಕಟ್ಟಡ ತಂಪಾಗಿಡುವ ವಿದ್ಯೆಯಲ್ಲಿ ನಾನು ಪಂಡಿತನೆಂಬುದು ಊರಿಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡುವವರೆಗೆ ನನಗೂ ಗೊತ್ತಿರಲಿಲ್ಲ!

ನಾನು ನಮ್ಮೂರ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ಅಫಜಲಪುರ ಸೀಮೆಯ ಬೇಸಿಗೆಗೆ ನಮ್ಮ ಕಾಂಕ್ರೀಟ್ ಕಟ್ಟಡ ರೊಟ್ಟಿಯ ಹಂಚು. ಮಧ್ಯಾಹ್ನ ಓದುಗರಿರಲಿ, ನೊಣವೂ ಒಳಗೆ ಬರುತ್ತಿರಲಿಲ್ಲ. ಅಧ್ಯಕ್ಷರು ಎಸಿ ಹಾಕಿಸಲು ಹೊರಟಾಗ ನಾನು ತುಂಬಿದ ಸಭೆಯಲ್ಲಿ ಎದ್ದು ನಿಂತೆ.

"ಎಸಿ ಯಾಕ್ರಿ? ಸುಮ್ನ ಕರೆಂಟ್ ಹಾಳು. ಮಾಳಗಿಗಿ ಬಿಳಿ ಸುಣ್ಣ ಹೊಡದ್ರ ಬಿಸಲು ಬಂದ ದಾರಿಗಿ ವಾಪಸ್ ಹೋಗ್ತದ!"

"ತಂಪಾಗಲಿಲ್ಲಂದ್ರ?" ಅಧ್ಯಕ್ಷರು ಕೇಳಿದರು.

"ಈ ಶರಣಪ್ಪನ ಹೆಸರು ಬದಲಿ ಮಾಡ್ರಿ!"

ಆಳು ಬೇಡವೆಂದೆ. ಕೀರ್ತಿಯಲ್ಲಿ ಪಾಲು ಹೋಗುತ್ತದಲ್ಲ! ಭಾನುವಾರ ಚಪ್ಪಲಿಯನ್ನು ನಿಚ್ಚಣಿಕೆಯ ಬುಡದಲ್ಲಿ ಬಿಟ್ಟು, ಸುಣ್ಣದ ಬಕೆಟ್ ಹಿಡಿದು ಹತ್ತಿದೆ. ಹತ್ತಿದ ಕಡೆಯಿಂದಲೇ ಬಳಿಯಲು ಶುರುಮಾಡಿ, ಹಿಂದೆ ಹಿಂದೆ ಸರಿಯುತ್ತ ಹೋದೆ. ಹಾಲು ಚೆಲ್ಲಿದಂಥ ಮಾಳಿಗೆ! ಎದೆಯುಬ್ಬಿಸಿ ತಲೆಯೆತ್ತಿದೆ. ನಿಚ್ಚಣಿಕೆ ಆ ತುದಿಯಲ್ಲಿ. ನಾನು ಈ ಮೂಲೆಯಲ್ಲಿ. ನಡುವೆ ಹಸಿ ಸುಣ್ಣ!

ಬಕೆಟ್ ಖಾಲಿಯಾಗಿತ್ತು. ಕಾಲಡಿ ಉಳಿದಿದ್ದ ಚಾಪೆಯಗಲದ ಬರಿ ಕಾಂಕ್ರೀಟು ಕಾದು ಪಾದ ಸುಡತೊಡಗಿತು. ಒಂದು ಕಾಲೆತ್ತಿದೆ. ಅದನ್ನಿಳಿಸಿ ಇನ್ನೊಂದೆತ್ತಿದೆ. ಬುತ್ತಿ ತಂದ ಹೆಂಡತಿ ಕಾಶಿಬಾಯಿ ಕೆಳಗಿನಿಂದ ಕೂಗಿದಳು.

"ಏನ್ರಿ, ಮ್ಯಾಲ ಕುಣ್ಯಾಕತ್ತೀರಿ?"

"ಕುಣ್ಯಾಕತ್ತಿಲ್ಲ, ಕಾಲು ಸುಡಾಕತ್ತಾವ!"

"ಸುಣ್ಣ ತುಳಕೋತ ಬರ್ರಲ್ಲ!"

"ಹೆಜ್ಜಿ ಮೂಡ್ತಾವ ಬೇ! ಮಂದಿ ಏನಂತಾರ?"

"ಈಗೇನ ಅನ್ನಾಕತ್ತಾರ, ಕೆಳಗ ಬಂದು ಕೇಳ್ರಿ!"

ಬಗ್ಗಿ ನೋಡಿದರೆ ಅರ್ಧ ಓಣಿ ನೆರೆದಿತ್ತು. ಮಾನ ಕಾಯಲು ತುದಿಗಾಲಲ್ಲಿ ಹೊರಟೆ. ನಡುವೆ ಜಾರಿದೆ. ಉಳಿದ ಪ್ರಯಾಣವನ್ನೆಲ್ಲ ಬೆನ್ನ ಮೇಲೆಯೇ ಪೂರೈಸಿದೆ! ಕಾಶಿ ಕೊಡಗಟ್ಟಲೆ ನೀರು ಸುರಿದು, "ಮಾಳಗಿ ಹ್ಯಾಂಗರ ಇರ್ಲಿ, ನೀವಂತೂ ಬೆಳ್ಳಗಾದ್ರಿ" ಎಂದಳು.

ಮರುದಿನ ಮೂಲೆಯಿಂದ ನಿಚ್ಚಣಿಕೆಯ ಕಡೆಗೆ ಸರಿಯುತ್ತ ಮತ್ತೆ ಬಳಿದೆ. ಪಂಡಿತರೂ ಕಲಿಯುತ್ತಾರೆ.

ಸುಣ್ಣ ಒಣಗಿ ಗಟ್ಟಿಯಾದ ಮೇಲೆ ಅಧ್ಯಕ್ಷರು ನಡುಮಧ್ಯಾಹ್ನ ಬಂದರು. ಗೋಡೆ ಮುಟ್ಟಿದರು, ತಲೆಯೆತ್ತಿ ಚಾವಣಿ ನೋಡಿದರು, ಬೆವರೊರೆಸಲು ಹೆಗಲ ಟವೆಲಿಗೆ ಕೈ ಹಾಕದೆ ಆರಾಮಾಗಿ ಕುಳಿತರು.

"ಖರೇನ ತಂಪದರಿ ಶರಣಪ್ಪನೋರ! ಎಸಿ ಬ್ಯಾಡೇ ಬ್ಯಾಡ."

ಹೆಮ್ಮೆಯಿಂದ ನನ್ನ ಅಂಗಿ ಬಿಗಿಯಾಯಿತು. ಸುದ್ದಿ ಹಬ್ಬಿ, ಮಧ್ಯಾಹ್ನವೆಂದರೆ ಗ್ರಂಥಾಲಯದಲ್ಲಿ ಕಾಲಿಡಲು ಜಾಗವಿಲ್ಲ! ಜಿಲ್ಲೆಯಲ್ಲೇ ಇಷ್ಟು ಓದುಗರುಂಟೇ ಎಂದು ಬೀಗುತ್ತ, ನಾನೂ ಕುಳಿತು ಪೇಪರ್ ಬಿಡಿಸಿದೆ.

ಮೂಲೆಯ ಬೆಂಚಿನಿಂದ ಹಿರಿಯರೊಬ್ಬರು ಅರೆಗಣ್ಣು ತೆರೆದರು.

"ಸರ, ಪ್ಯಾಪರ್ ಸಪ್ಪಳಾ ಮಾಡಬ್ಯಾಡ್ರಿ. ಮಂದಿ ಮಲಗ್ಯಾರ."

ನಾನು ಸದ್ದಾಗದಂತೆ ಪೇಪರ್ ಮಡಚಿಟ್ಟೆ. 'ಮೌನ ಕಾಪಾಡಿ' ಎಂದು ಗೋಡೆಗೆ ಬರೆಸಿದವನು ನಾನೇ ಅಲ್ಲವೇ!