ವಾಟರ್ ಪಾರ್ಕಿಗೆ ನಾನೇ ಹೊಲಿದ ಬಟ್ಟೆ

ತರೀಕೆರೆಯಲ್ಲಿ ಇಪ್ಪತ್ತು ವರ್ಷದಿಂದ ಟೈಲರ್ ಅಂಗಡಿ ನಡೆಸುತ್ತಿರುವ ನನಗೆ, ಒಂದು ವಾಟರ್ ಪಾರ್ಕ್ ಪ್ರವಾಸವನ್ನು ಕಡಿಮೆ ಖರ್ಚಿನಲ್ಲಿ ಮುಗಿಸುವುದು ಯಾವ ಲೆಕ್ಕ! ಒಂಬತ್ತು ವರ್ಷದ ಮಗಳು ಮೇಘನಾ ಎರಡು ಬೇಸಿಗೆ ರಜೆಯಿಂದಲೂ ಬೆಂಗಳೂರಿನ ಪಾರ್ಕಿನ ಸುರುಳಿ ಜಾರುಬಂಡೆಯದ್ದೇ ಜಪ ಮಾಡುತ್ತಿದ್ದಳು. ಈ ಸಲ ಜಾರಿಸಿಯೇ ಕರೆತರುತ್ತೇನೆಂದು ಮಾತು ಕೊಟ್ಟೆ.

ಮಿತವ್ಯಯದ ಮೊದಲ ಕ್ರಮವಾಗಿ ಅತ್ತೆಯವರ ಟಿಕೆಟ್ ಕತ್ತರಿಸಲು ನಿರ್ಧರಿಸಿದೆ. ಯಗಟಿಯಲ್ಲಿ ಕುರಿ ಸಾಕಿಕೊಂಡಿದ್ದ ರುದ್ರಮ್ಮನವರು ಆಗಷ್ಟೇ ನಮ್ಮ ಮನೆಗೆ ಬಂದಿದ್ದರು.

"ಪಾಪ, ಅವರಿಗ್ಯಾಕೆ ಸುಮ್ನೆ ತ್ರಾಸು? ಮನೇಲಿ ಆರಾಮಾಗಿರ್ಲಿ" ಎಂದೆ.

"ಅವ್ವ ಬರ್ದಿದ್ರೆ ನಾನೂ ಬರಲ್ಲ ಕಣ್ರೀ" ಎಂದಳು ಹೆಂಡತಿ ಸಾವಿತ್ರಿ. ಮೊದಲ ಕ್ರಮ ಅಲ್ಲಿಗೇ ಬಿದ್ದುಹೋಯಿತು.

ನೀರಿಗಿಳಿಯಲು ನೈಲಾನ್ ಬಟ್ಟೆ ಕಡ್ಡಾಯ, ಇಲ್ಲದವರು ಅಲ್ಲೇ ಬಾಡಿಗೆಗೆ ಪಡೆಯಬೇಕು ಎಂದು ತಿಳಿದಾಗ ನನಗೆ ನಗು ಬಂತು. ಬಾಡಿಗೆ ಬಟ್ಟೆ! ಟೈಲರಿಗೆ! ಕಬಡ್ಡಿ ಹುಡುಗರು ಬಣ್ಣ ಇಷ್ಟವಾಗದೆ ಬಿಟ್ಟುಹೋಗಿದ್ದ ಕಿತ್ತಳೆ ಬಣ್ಣದ ನೈಲಾನ್ ಅಂಗಡಿಯಲ್ಲಿ ಹಾಗೇ ಬಿದ್ದಿತ್ತು. ನಾಲ್ವರಿಗೂ ಹೊಲಿದೆ. ಜನಜಂಗುಳಿಯಲ್ಲಿ ಮನೆಯವರು ತಪ್ಪಿಸಿಕೊಂಡರೆ ಕರೆಯಲು ಕೊರಳಿಗೊಂದು ಸೀಟಿಯನ್ನೂ ಹಾಕಿಕೊಂಡೆ.

"ಒಳ್ಳೆ ರೋಡ್ ಕೆಲಸದೋರ್ ಥರ ಕಾಣ್ತೀವಿ" ಎಂದಳು ಸಾವಿತ್ರಿ.

ಪಾರ್ಕಿನೊಳಗೆ ಬಟ್ಟೆ ಬದಲಿಸಿ ಹೊರಬಂದ ಮೇಲೆ ನನ್ನ ಮುಂದಾಲೋಚನೆಯ ಫಲ ಕಾಣಿಸಿತು. ಅಲ್ಲಿ ಈಜುಕೊಳ ಕಾಯುವ ಗಾರ್ಡುಗಳ ಸಮವಸ್ತ್ರ ಕಿತ್ತಳೆ ಬಣ್ಣದ್ದು! ಅವರ ಕೊರಳಲ್ಲೂ ಸೀಟಿ!

ಒಬ್ಬರು ಬಂದು ಲಾಕರ್ ಎಲ್ಲಿ ಎಂದು ಕೇಳಿದರು. ಇನ್ನೊಬ್ಬರು ಅಳುವ ಮಗುವನ್ನು ನನ್ನ ಕೈಗಿತ್ತು ಐಸ್‌ಕ್ರೀಂ ತರಲು ಹೋದರು. ನಾನು ಮಗು ಹಿಡಿದುಕೊಂಡೇ ಜಾರುಬಂಡೆಯ ಸಾಲು ಹುಡುಕುತ್ತಿದ್ದೆ. ಮಗುವನ್ನು ಅದರಪ್ಪನಿಗೆ ಒಪ್ಪಿಸುವಷ್ಟರಲ್ಲಿ ಅಲೆಗಳ ಕೊಳದ ದಡದಿಂದ ಒಬ್ಬ ಹೆಂಗಸು ಚೀರಿದರು.

"ರೀ ಗಾರ್ಡ್! ನಮ್ ಹುಡ್ಗ ಮುಳುಗ್ದ! ನೋಡ್ತಾ ನಿಂತಿದೀರಲ್ರೀ, ಇಳೀರಿ!"

ನನಗೆ ಈಜು ಬರುವುದಿಲ್ಲ ಎಂಬ ವಿಷಯ ನೀರಿಗೆ ಹಾರಿದ ಮೇಲೆ ನೆನಪಾಯಿತು. ಹುಡುಗ ಉಸಿರು ಹಿಡಿದು ಆಟವಾಡುತ್ತಿದ್ದವನು, ನಗುತ್ತಾ ಮೇಲೆದ್ದ. ನಾನು ಕೆಳಗೆ ಹೋದೆ. ಸೀಟಿ ಊದಲು ನೋಡಿದೆ, ಗುಳುಗುಳು ಎಂದಿತು!

ಆಗ ಯಾರೋ ನನ್ನ ಕತ್ತುಪಟ್ಟಿಗೆ ಕೈ ಹಾಕಿ ಎಳೆದರು. ಅತ್ತೆ! ಯಗಟಿ ಕೆರೆಯಲ್ಲಿ ಉಣ್ಣೆ ಕತ್ತರಿಸುವ ಮುಂಚೆ ವರ್ಷವರ್ಷವೂ ಕುರಿಗಳನ್ನು ಇಳಿಸಿ ತೊಳೆದ ಕೈ ಅದು. ಕುರಿಯನ್ನು ಎಳೆದಂತೆಯೇ ನನ್ನನ್ನೂ ಎಳೆದರು.

"ಕಾಲೂರಪ್ಪಾ, ಕಾಲೂರು! ಸೊಂಟದುದ್ದ ನೀರೈತೆ ಅಷ್ಟೆ!"

ಊರಿದೆ. ಸೊಂಟದುದ್ದವೇ ಇತ್ತು. ದಡದ ಜನ ಚಪ್ಪಾಳೆ ತಟ್ಟಿದರು, ಅತ್ತೆಗೆ.

ದಡದಲ್ಲಿ ಕೂತು ನಡುಗುತ್ತಿದ್ದ ನನ್ನನ್ನು ನೋಡಿ ಮೇಘನಾಳ ಮುಖ ಬಾಡಿತು. ಸುರುಳಿ ಜಾರುಬಂಡೆಗೆ ಮಕ್ಕಳ ಜೊತೆ ದೊಡ್ಡವರೊಬ್ಬರು ಟ್ಯೂಬಿನಲ್ಲಿ ಕೂರಲೇಬೇಕು. ಸಾವಿತ್ರಿಗೆ ಎತ್ತರವೆಂದರೆ ತಲೆಸುತ್ತು. ನನ್ನ ಕಾಲಂತೂ ಏಳುತ್ತಿರಲಿಲ್ಲ. ಎರಡು ವರ್ಷ ಕಾದ ಮಗು ಆ ಜಾರುಬಂಡೆಯನ್ನೇ ನೋಡುತ್ತಾ ನಿಂತಿತ್ತು.

"ನಡಿಯವ್ವ, ನಾನ್ ಬತ್ತೀನಿ" ಎಂದರು ಅತ್ತೆ, ತುರುಬು ಬಿಗಿಯುತ್ತಾ.

ಅಜ್ಜಿ ಮೊಮ್ಮಗಳು ಒಂದೇ ಕಿತ್ತಳೆ ಬಣ್ಣದಲ್ಲಿ, ಒಂದೇ ಟ್ಯೂಬಿನಲ್ಲಿ, ಒಂದೇ ದನಿಯಲ್ಲಿ ಕಿರುಚಿಕೊಂಡು ಬಂದು ನೀರಿಗೆ ಬಿದ್ದರು. "ಇನ್ನೊಂದ್ಸಲ!" ಎಂದವರು ಮೇಘನಾ ಅಲ್ಲ, ಅತ್ತೆ. ಐದು ಸಲ ಹೋದರು.

ವಾಪಸ್ ರೈಲಿನಲ್ಲಿ ಮೇಘನಾ ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು. ಕೊಟ್ಟ ಮಾತನ್ನು ಉಳಿಸಿದ್ದೂ, ನನ್ನನ್ನು ಉಳಿಸಿದ್ದೂ ನಾನು ಕತ್ತರಿಸಲು ಹೊರಟಿದ್ದ ಆ ಒಂದೇ ಟಿಕೆಟ್! ಕಡೂರು ದಾಟುವ ಹೊತ್ತಿಗೆ ಮನಸ್ಸು ತಡೆಯದೆ ಹೇಳಿಯೇಬಿಟ್ಟೆ.

"ನೀವು ಬಂದಿದ್ದು ನಮ್ಮ ಪುಣ್ಯ ಅತ್ತೆ."

"ಬಿಡಪ್ಪ, ಕುರಿಗಳೇ ವಾಸಿ, ಇಷ್ಟು ಒದ್ದಾಡಲ್ಲ" ಎಂದರು ಅವರು, ನನ್ನ ಕೈಗೆ ಚಕ್ಕುಲಿ ಇಡುತ್ತಾ.

ಈಗ ಆ ಕಿತ್ತಳೆ ಚಡ್ಡಿ ಹಾಕಿಕೊಂಡು ನಾನು ಬಚ್ಚಲಿನಲ್ಲಿ ಬಕೆಟ್ ನೀರಿನ ಸ್ನಾನ ಮಾಡುತ್ತೇನೆ. ಹೊರಗಿನಿಂದ ಮಗಳು ಬಾಗಿಲು ಬಡಿಯುತ್ತಾಳೆ.

"ಅಪ್ಪಾ, ಹುಷಾರು! ಅಜ್ಜಿ ಊರಿಗೋಗವ್ರೆ!"