ಗಿಟಾರೋ, ಆಂಪ್ಲಿಫೈಯರೋ: ಚಂದ್ರಿ ಕೊಟ್ಟ ತೀರ್ಪು

ಆಗಸ್ಟ್ ೪, ಸೋಮವಾರ, ಸಂಜೆ ೫ ಗಂಟೆ ೨೦ ನಿಮಿಷ. ನನ್ನ ಮುಂದಿನ ಖರೀದಿ ಗಿಟಾರೋ, ಆಂಪ್ಲಿಫೈಯರೋ ಎಂಬ ಪ್ರಶ್ನೆಯನ್ನು ವೈಜ್ಞಾನಿಕವಾಗಿ ಬಗೆಹರಿಸುವ ಕಾರ್ಯಕ್ಕೆ ಈ ಗಳಿಗೆಯಲ್ಲಿ ಚಾಲನೆ ನೀಡಲಾಯಿತು. ಉದ್ಘಾಟನೆಗೆ ಯಾರೂ ಬಂದಿರಲಿಲ್ಲ.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಬೋಲ್ಟುಗಳ ಅಳತೆ ಪರೀಕ್ಷಿಸುವವನು. ಅಳೆಯದೆ ಯಾವುದನ್ನೂ ನಂಬುವುದಿಲ್ಲ. ಮನೆಯಲ್ಲಿದ್ದ ಹಳೇ ಗಿಟಾರು, ಹಳೇ ಚಿಕ್ಕ ಆಂಪ್ಲಿಫೈಯರುಗಳಲ್ಲಿ ಯಾವುದನ್ನು ಬದಲಿಸಬೇಕೆಂಬ ಈ ಪ್ರಶ್ನೆಗೆಂದೇ ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೆ. ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಗಿಟಾರ್, ಏಳು ಆಂಪ್ಲಿಫೈಯರ್‌ಗಳ ಗುಣಾವಗುಣಗಳು ಅದರಲ್ಲಿ ದಾಖಲಾಗಿದ್ದವು. ಒಂದನ್ನೂ ಕೊಂಡಿರಲಿಲ್ಲ. ಎಡವುವ ಹಾಗೇ ಇರಲಿಲ್ಲ, ಯಾಕೆಂದರೆ ನನ್ನ ಹೆಂಡತಿ ಸುಮಾಳ ಷರತ್ತು ಸ್ಪಷ್ಟವಾಗಿತ್ತು.

“ನೋಡ್ರೀ, ಈ ಮನೆಗೆ ಇನ್ನು ಒಂದೇ ಒಂದು ಸಾಮಾನು ಬರೋದು. ಗಿಟಾರ್ ಅಂದ್ರೆ ಗಿಟಾರ್, ಡಬ್ಬ ಅಂದ್ರೆ ಡಬ್ಬ. ಆಮೇಲೆ ಐದು ವರ್ಷ ಆ ವಿಷ್ಯ ಎತ್ತಂಗಿಲ್ಲ!”

ಆಂಪ್ಲಿಫೈಯರಿಗೆ ಅವಳು ಡಬ್ಬ ಎನ್ನುತ್ತಾಳೆ. ಅದು ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ. ಅವಳ ಪ್ರಕಾರ ಆ ಸದ್ದು ದೊಡ್ಡದಾಗುವ ಅಗತ್ಯವೇ ಇಲ್ಲ.

ಮತ್ತಿಕೆರೆಯ ಗೆಳೆಯ ನವೀನ ನೆರವಿಗೆ ಬಂದ. ಅವನ ಬ್ಯಾಂಡಿನ ನಾಲ್ವರಲ್ಲಿ ಮೂವರಿಗೆ ಮದುವೆಯಾಗಿ ಬ್ಯಾಂಡು ನಿಂತುಹೋಗಿತ್ತು.

“ಮಗಾ, ನನ್ ಕೆಂಪು ಗಿಟಾರೂ ತಗೊಂಡ್ಹೋಗು, ದೊಡ್ಡ ಆಂಪೂ ತಗೊಂಡ್ಹೋಗು. ಎರಡು ವಾರ ಬಾರ್ಸಿ ನೋಡು. ಯಾವ್ದು ಹಿಡಿಸುತ್ತೋ ಅಂಥದ್ದೇ ಹೊಸದು ತಗೋ.”

ಯಲಹಂಕದ ಹಳೇ ಊರಿನಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಮನೆ ಒಡತಿ ಲಕ್ಷ್ಮಮ್ಮ ಇದ್ದಾರೆ. ಅವರ ಹೊಲಗಳೆಲ್ಲ ಸೈಟುಗಳಾಗಿವೆ. ಉಳಿದಿರುವುದು ಚಂದ್ರಿ ಎಂಬ ಒಂದೇ ಹಸು, ನಮ್ಮ ಅಡುಗೆಮನೆಯ ನೇರ ಕೆಳಗಿನ ಕೊಟ್ಟಿಗೆಯಲ್ಲಿ. ಸಂಜೆ ಐದೂವರೆಗೆ ಹಾಲು ಕರೆಯುತ್ತಾರೆ. ಈ ಕೊನೆಯ ಮಾಹಿತಿ ನನ್ನ ನೋಟ್‌ಬುಕ್ಕಿನಲ್ಲಿರಲಿಲ್ಲ.

ನನ್ನ ಹಳೇ ಗಿಟಾರನ್ನು ದೊಡ್ಡ ಆಂಪಿಗೆ ಸಿಕ್ಕಿಸಿ ೫:೩೧ಕ್ಕೆ ತಂತಿ ಮೀಟಿದೆ. ಕಿಟಕಿಯ ಗಾಜು ನಡುಗಿತು. ಕೆಳಗೆ ಬಕೆಟ್ ಉರುಳಿತು. ೫:೩೩ಕ್ಕೆ ಲಕ್ಷ್ಮಮ್ಮ ಬಾಗಿಲಲ್ಲಿದ್ದರು. ಸೀರೆಯ ತುಂಬ ಹಾಲು!

“ಏನಪ್ಪಾ ಅದು ಗುಡುಗು ಬಡ್ದಂಗೆ? ಅಸ ಬಕೀಟ್ನೇ ಒದ್ಬುಡ್ತಲ್ಲ!”

“ಅಮ್ಮಾ, ಅದು ಒಂದು ಪರೀಕ್ಷೆ...”

“ಪರೀಕ್ಷೆ ಇಸ್ಕೂಲಲ್ಲಿ ಇಟ್ಕೋ. ಇಂಗೇ ಆಲು ಕಮ್ಮಿ ಆದ್ರೆ ನೀವು ಬ್ಯಾರೆ ಮನೆ ನೋಡ್ಕೊಳಿ, ಅಷ್ಟೆ!”

ಸುಮಾ ನನ್ನನ್ನು ನೋಡಿದಳು. ಆ ನೋಟವನ್ನು ಅಳೆಯುವ ಉಪಕರಣ ನಮ್ಮ ಕಾರ್ಖಾನೆಯಲ್ಲಿಲ್ಲ.

ಆದರೆ ಒಂದೇ ದಿನದ ಫಲಿತಾಂಶದಿಂದ ತೀರ್ಮಾನಕ್ಕೆ ಬರುವುದು ಸರಿಯಲ್ಲ ಎಂದು ನಾನು ಲಕ್ಷ್ಮಮ್ಮನವರಿಗೆ ವಿನಯಪೂರ್ವಕ ನಿವೇದಿಸಿಕೊಂಡೆ. ಅರ್ಧ ಗಂಟೆ ನಿವೇದಿಸಿದ ಮೇಲೆ ಒಪ್ಪಿದರು. “ಒಂಬತ್ ದಿವ್ಸ. ಸದ್ದು ನಿದಾನಕ್ಕೆ ಏರಿಸ್ಬೇಕು. ಆಲು ಕಮ್ಮಿ ಆತೋ, ಮನೆ ಖಾಲಿ!”

ಮೂರು ದಿನ ನನ್ನ ಹಳೇ ಗಿಟಾರ್, ಹಳೇ ಚಿಕ್ಕ ಆಂಪ್. ಮೂರು ದಿನ ಕೆಂಪು ಗಿಟಾರ್, ಅದೇ ಚಿಕ್ಕ ಆಂಪ್. ಕೊನೆಯ ಮೂರು ದಿನ ಹಳೇ ಗಿಟಾರ್, ದೊಡ್ಡ ಆಂಪ್. ಪ್ರತಿ ಸಂಜೆ ಎಷ್ಟು ಹಾಲಾಯಿತೆಂದು ಲಕ್ಷ್ಮಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಅದನ್ನು ನಾನು ನಕಲು ಮಾಡಿಕೊಂಡೆ.

ಮೊದಲ ಮೂರು ದಿನ ಆರಾರು ಲೀಟರ್. ಶಾಲೆಯಲ್ಲಿ ಪಾಠ ಮಾಡುವ ಸುಮಾ ರೂಮಿನ ಬಾಗಿಲು ಹಾಕಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಮುಂದಿನ ಮೂರು ದಿನವೂ ಆರು ಲೀಟರ್, ಬಾಗಿಲು ಮುಚ್ಚಿಯೇ ಇತ್ತು. ಆಮೇಲೆ ದೊಡ್ಡ ಆಂಪ್ ಬಂತು. ಆರೂವರೆ. ಏಳು. ಏಳೂವರೆ!

ಆ ಮೂರೂ ಸಂಜೆ ಸುಮಾ ಉತ್ತರಪತ್ರಿಕೆಗಳನ್ನು ಹಾಗೇ ಬಿಟ್ಟು, ತರಕಾರಿ ಸಿಪ್ಪೆಯ ಬುಟ್ಟಿ ಹಿಡಿದು ಕೆಳಗಿಳಿದು ಹೋಗಿದ್ದಳು. ವಿಷಯಕ್ಕೆ ಸಂಬಂಧಿಸಿದ್ದಲ್ಲವೆಂದು ನಾನದನ್ನು ದಾಖಲಿಸಲಿಲ್ಲ.

“ಅಮ್ಮಾ, ನಿಮ್ಮ ಚಂದ್ರಿಗೆ ದೊಡ್ಡ ಆಂಪಿನ ನಾದವೇ ಇಷ್ಟ!” ಎಂದು ಘೋಷಿಸಿದೆ.

“ಅದೇನೋಪ್ಪ, ಆಲಂತೂ ಜಾಸ್ತಿ ಆತು,” ಎಂದರು ಲಕ್ಷ್ಮಮ್ಮ. ಮನೆ ಉಳಿಯಿತು.

ಹದಿನಾಲ್ಕು ತಿಂಗಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆಗಸ್ಟ್ ೧೬, ಶನಿವಾರ, ಮಧ್ಯಾಹ್ನ ೧೨:೧೦ಕ್ಕೆ ಹೊಸ ಆಂಪ್ಲಿಫೈಯರ್ ಮನೆಗೆ ಬಂತು. ತೂಕ ಇಪ್ಪತ್ತೆರಡು ಕಿಲೋ. ಮೆಟ್ಟಿಲು ಹತ್ತೊಂಬತ್ತು. ಒಂದು ಕಡೆ ಹಿಡಿದಿದ್ದ ನವೀನ ಏದುಸಿರು ಬಿಡುತ್ತ ಹೇಳಿದ: “ಹಸು ಕೇಳಿ ಆಂಪ್ ತಗೊಂಡೋನು ಇಡೀ ಬೆಂಗಳೂರಲ್ಲಿ ನೀನೊಬ್ನೇ ಕಣೋ, ಗುರು!” ನಾನದನ್ನು ಪ್ರಶಂಸೆಯೆಂದು ಸ್ವೀಕರಿಸಿದೆ.

ಮರುದಿನ ಸುಮಾ ನಾಲ್ಕು ದಿನಕ್ಕೆಂದು ತವರಿಗೆ ಹೋದಳು. ಅಂದು ಸಂಜೆ ಆರು ಲೀಟರ್. ಸದ್ದು ಸಾಲದಾಯಿತೇನೋ ಎಂದು ಮರುದಿನ ಏರಿಸಿದೆ. ಐದೂಮುಕ್ಕಾಲು. ಇನ್ನೂ ಏರಿಸಿದೆ. ಐದೂವರೆ! ಲಕ್ಷ್ಮಮ್ಮ ಮತ್ತೆ ಬಾಗಿಲಿಗೆ ಬಂದರು. ನಾನು ನೋಟ್‌ಬುಕ್ ತೆರೆದೆ.

“ಆ ಬುಕ್ಕು ಮುಚ್ಚು. ಸುಮಾ ಯಾವಾಗ ಬತ್ತಾಳೆ?”

“ನಾಳಿದ್ದು. ಯಾಕಮ್ಮಾ?”

“ನಿನ್ ಸದ್ದು ತಡೀನಾರ್ದೆ ಅವ್ಳು ಕೆಳೀಕ್ ಬಂದು ಚಂದ್ರಿ ಕತ್ತು ಕೆರ್ಕೊಂಡು, ಸಿಪ್ಪೆ ತಿನ್ನಿಸ್ಕೊಂಡು ಕೂರೋಳು ಕಣಪ್ಪಾ. ಅಸ ಆಲು ಬಿಡ್ತಿದ್ದಿದ್ದು ಆ ಮಗೀಗೆ. ನಿನ್ ಡಬ್ಬಕ್ಕಲ್ಲ!”

ಪರಿಶೀಲನೆಗಾಗಿ ಸುಮಾಳಿಗೆ ಫೋನ್ ಮಾಡಿದೆ.

“ಮತ್ತಿನ್ನೇನ್ರೀ? ಚಿಕ್ಕ ಡಬ್ಬ ಆದ್ರೆ ಬಾಗ್ಲು ಹಾಕ್ಕೊಂಡ್ರೆ ಸಾಕಿತ್ತು. ದೊಡ್ಡದಕ್ಕೆ ಮನೇನೇ ಬಿಟ್ಟು ಹೋಗ್ಬೇಕು!”

ಈಗ ಅವಳು ವಾಪಸ್ಸು ಬಂದಿದ್ದಾಳೆ. ನನ್ನನ್ನು ಯಾರೂ ಮನೆ ಬಿಡಿ ಎನ್ನುತ್ತಿಲ್ಲ. ಬದಲಿಗೆ ಪ್ರತಿದಿನ ೫:೨೫ಕ್ಕೆ ಸರಿಯಾಗಿ ಕೊಟ್ಟಿಗೆಯಿಂದ ಕೂಗು ಬರುತ್ತದೆ: “ಬಾರ್ಸಪ್ಪಾ! ಅವ್ಳಿನ್ನೂ ಇಳೀಲಿಲ್ಲ!”

ಬಾರಿಸುತ್ತೇನೆ. ಸುಮಾ ಬುಟ್ಟಿ ಹಿಡಿದು ಇಳಿಯುತ್ತಾಳೆ. ಏಳೂವರೆ ಲೀಟರ್. ನನ್ನ ಸಂಗೀತ ಬೇಕೆಂದು ದಿನವೂ ಕೂಗಿ ಕೇಳುವವರು ಜಗತ್ತಿನಲ್ಲಿ ಒಬ್ಬರೇ ಇದ್ದಾರೆ, ಅದೂ ಇನ್ನೊಬ್ಬರನ್ನು ಓಡಿಸಲಿಕ್ಕೆ.

ಐದು ವರ್ಷ ಇನ್ನೇನನ್ನೂ ಕೊಳ್ಳುವಂತಿಲ್ಲ. ನೋಟ್‌ಬುಕ್ಕಿನಲ್ಲಿ ಅರವತ್ತೊಂದು ಪುಟ ಖಾಲಿ ಇವೆ. ಹಾಲು ಏಳೂವರೆ ಲೀಟರಿಗೆ ಕಡಿಮೆಯಾಗದಂತೆ, ಹೆಂಡತಿಯೂ ಮೇಲೆಯೇ ಕೂತು ಕೇಳುವಂತೆ ಗಿಟಾರ್ ಬಾರಿಸುವ ವಿಧಾನ ಓದುಗರಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ. ಬಾರಿಸಿದ ದಿನ, ಗಂಟೆ ಮತ್ತು ಆ ಹೊತ್ತಿನಲ್ಲಿ ಹೆಂಡತಿ ಎಲ್ಲಿದ್ದರು ಎಂಬುದನ್ನು ಮರೆಯದೆ ನಮೂದಿಸಿ.