ಒಂದು ದೀರ್ಘ ತಪ್ಪಿದ ವಿಷಯವಾಗಿ ದುಂಡಣ್ಣ ಕರಡಿಯವರಿಗೆ

ಸಮಸ್ತ ನಾಗರಿಕರಿಗೂ, ವಿಶೇಷವಾಗಿ ಪ್ರತಿದಿನ ಸಂಜೆ ಐದೂವರೆಗೆ ಮಕ್ಕಳ ವಾಹಿನಿಯಲ್ಲಿ ದರ್ಶನ ಕೊಡುವ ಶ್ರೀಮಾನ್ ದುಂಡಣ್ಣ ಕರಡಿಯವರಿಗೂ ಅತ್ಯಂತ ಹರ್ಷದಿಂದ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯ ಅತಿ ಕಿರಿಯ ಪ್ರಜೆಯಾದ ಐದೂವರೆ ವರ್ಷದ ಮಗಳು ಕಳೆದ ಸೋಮವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ತನ್ನ ಎಡಗಾಲಿನ ಕಾಲುಚೀಲವನ್ನು ಯಾರ ನೆರವೂ ಇಲ್ಲದೆ ತಾನೇ ಏರಿಸಿಕೊಂಡಳು. ಏರಿಸಿಕೊಂಡು, ಎದ್ದು ನಿಂತು, ಈ ಸಾಧನೆಯು ನಮ್ಮ ಪ್ರೀತಿಯ ನಾಯಕರ ದೂರದೃಷ್ಟಿಯಿಂದಲೇ ಸಾಧ್ಯವಾಯಿತೆಂದು ಘೋಷಿಸಿದಳು. ಬಲಗಾಲಿನದು ಇನ್ನೂ ಬಾಕಿ ಇತ್ತು. ವಿಚಾರಿಸಲಾಗಿ, ಅದು ಹಿಂದಿನ ಸರ್ಕಾರದ ತಪ್ಪೆಂದು ತಿಳಿದುಬಂತು.

ಮಾನ್ಯ ಕರಡಿಯವರೇ,

ತಮ್ಮ ರೋಮ ಸೊಂಪಾಗಿದೆಯೆಂದೂ, ಹೊಟ್ಟೆಯೊಳಗಿನ ಹತ್ತಿ ಎಲ್ಲಿಯೂ ಗಂಟು ಕಟ್ಟಿಲ್ಲವೆಂದೂ ನಂಬಿ ಈ ನಾಲ್ಕು ಸಾಲು ಬರೆಯುತ್ತಿದ್ದೇನೆ. ನನ್ನ ಪರಿಚಯ ತಮಗಿಲ್ಲ. ನಾನು ಒಂದು ಮುದ್ರಣಾಲಯದ ಹಿಂಬದಿಯ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ, ಹತ್ತೊಂಬತ್ತು ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ನನ್ನ ಮಗಳು ಇದನ್ನು ತನ್ನ ಶಾಲೆಯಲ್ಲಿ 'ನಮ್ಮಪ್ಪ ಕರಡಿ ತಿದ್ತಾರೆ' ಎಂದು ಹೇಳಿಬಂದಿದ್ದಾಳೆ. ಅಂಥ ದುರಹಂಕಾರ ನನಗಿಲ್ಲ. ತಮ್ಮನ್ನು ತಿದ್ದಲು ನಾನು ಯಾರು?

ತಾವು ಹಲ್ಲುಜ್ಜುವುದನ್ನೂ ಶೂ ದಾರ ಕಟ್ಟುವುದನ್ನೂ ಹೇಳಿಕೊಡುತ್ತಿದ್ದ ಕಾಲವನ್ನು ನಾವು ಮರೆತಿಲ್ಲ. ಆದರೆ ಅಷ್ಟು ದೊಡ್ಡ ಪ್ರತಿಭೆಯನ್ನು ಅಷ್ಟು ಸಣ್ಣ ಹಲ್ಲುಗಳಿಗೆ ಮೀಸಲಿಡುವುದು ಅನ್ಯಾಯವೆಂದು ಮೇಲಿನವರಿಗೆ ಅನ್ನಿಸಿದ್ದು ಸಹಜವೇ. ಬಡ್ತಿ ಸಿಕ್ಕ ಮೇಲೆ ತಾವು ಹೇಳಿಕೊಡುತ್ತಿರುವ ವರ್ಣಮಾಲೆಯಂತೂ ಅಪೂರ್ವ. ಅ ಎಂದರೆ ಅಣೆಕಟ್ಟು, ಆ ಎಂದರೆ ಆಳುವ ಪಕ್ಷ, ಇ ಎಂದರೆ ಇನ್ನೊಂದು ಅಣೆಕಟ್ಟು, ಈ ಎಂದರೆ ಈಗಿನ ನಾಯಕರು, ಉ ಎಂದರೆ ಉದ್ಘಾಟನೆ. ಋ ಬಂದಾಗ ತಾವು ಒಂದು ಕ್ಷಣ ತಡವರಿಸಿದ್ದನ್ನು ನಾನು ಗಮನಿಸಿದೆ. ಇಲ್ಲೇನು ಮಾಡುತ್ತಾರೋ ನೋಡೋಣ ಎಂದು ಕುರ್ಚಿಯ ತುದಿಗೆ ಬಂದು ಕೂತೆ. ತಾವು 'ಋಣ' ಎಂದಿರಿ, ನಾವೆಲ್ಲರೂ ನಾಯಕರಿಗೆ ಋಣಿಗಳೆಂದು ವಿವರಿಸಿದಿರಿ, ಹಿಂದೆ ಡೋಲು ಮೊಳಗಿತು. ವೃತ್ತಿಯವನಾಗಿ ನಾನು ಎದ್ದು ನಿಂತು ನಮಸ್ಕಾರ ಮಾಡಿದೆ.

ಆದರೆ ಮಾನ್ಯರೇ, ತಮ್ಮ ಬಾಯಿ ಬಟ್ಟೆಯದು. ಒಳಗಿನಿಂದ ದೀರ್ಘವಾಗಿ ಹೊರಟ ಅಕ್ಷರ ಆ ಬಟ್ಟೆಯನ್ನು ದಾಟಿ ಹೊರಗೆ ಬರುವಷ್ಟರಲ್ಲಿ ಹ್ರಸ್ವವಾಗಿ ಹೋಗುತ್ತದೆ. ತಾವು ಆಳುವ ಪಕ್ಷವೆಂದೇ ಹೇಳಿರುತ್ತೀರಿ, ಸಂದೇಹವಿಲ್ಲ. ಆದರೆ ಚಾಪೆಯ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತ ನನ್ನ ಮಗಳಿಗೆ ಕೇಳಿಸಿದ್ದು ಅಳುವ ಪಕ್ಷ.

"ಪಾಪ, ಯಾಕಪ್ಪಾ ಅವ್ರು ಅಳ್ತಾರೆ?" ಎಂದು ಕೇಳಿದಳು.

"ಯಾರಮ್ಮಾ?"

"ಅದೇ, ಅಳುವ ಪಕ್ಷ. ದಿನಾ ಅಳ್ತಾರಾ?"

ಇಲ್ಲಿ ನನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ತಪ್ಪು ಕಂಡಲ್ಲಿ ಗೆರೆ ಎಳೆಯುವುದೇ ನನ್ನ ಅನ್ನ; ಹತ್ತೊಂಬತ್ತು ವರ್ಷಗಳಲ್ಲಿ ತಿದ್ದಲು ಮನಸ್ಸು ಬಾರದ ತಪ್ಪು ಇದೊಂದೇ. ನಕ್ಕು ಸುಮ್ಮನಾದೆ. ಮರುದಿನ ಮುದ್ರಣಾಲಯದಲ್ಲಿ ಹೇಳಿ ಇನ್ನಷ್ಟು ನಕ್ಕೆ. ಕಾಗದ ಕತ್ತರಿಸುವವರು ಯಂತ್ರ ನಿಲ್ಲಿಸಿ ನಕ್ಕರು. ಅತ್ತ ಮಗಳು ತಾನೇ ಕಾರಣ ಹುಡುಕಲು ಹೊರಟಿದ್ದಳು.

ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. ನಮ್ಮ ಮನೆಯಲ್ಲಿ ನನ್ನ ಅತ್ತೆಯವರಿದ್ದಾರೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ದೊಡ್ಡ ದೊಡ್ಡ ಡಾಕ್ಟರುಗಳನ್ನು ಕೈ ತೊಳೆಯಲು ಹಿಂದಕ್ಕೆ ಕಳಿಸಿದವರು. ಈಗ ಅವರ ಆಡಳಿತವೆಲ್ಲ ಅಡುಗೆಮನೆಯ ನಲ್ಲಿಯೊಂದರ ಮೇಲೆ; ನಲ್ಲಿಯಲ್ಲಿ ನೀರಿಲ್ಲ. ಬೆಳಿಗ್ಗೆ ತಿರುಗಿಸುತ್ತಾರೆ, ಅದು ಕೆಮ್ಮುತ್ತದೆ. ಸಂಜೆ ತಿರುಗಿಸುತ್ತಾರೆ, ಅದು ಕೆಮ್ಮುವುದೂ ಇಲ್ಲ. ಆಗ ಅವರು ಬಕೆಟ್ಟನ್ನು ನೆಲಕ್ಕೆ ಕುಕ್ಕಿ, "ನಲ್ಲಿ ಹಾಕ್ಸಿದ ಫೋಟೋ ಇದೆ, ನೀರು ಬಿಡ್ಸಿದ ಫೋಟೋ ಎಲ್ಲಿದೆ ತೋರ್ಸಿ, ಹಾಳಾದವ್ರಾ" ಎಂದು ಟೀವಿಗೆ ಕೇಳಿಸುವ ಹಾಗೆ ಬೈಯುತ್ತಾರೆ. ಇಷ್ಟನ್ನು ಬಹಿರಂಗವಾಗಿ ಬರೆಯಲು ನನಗೆ ಭಯವಿಲ್ಲ, ಏಕೆಂದರೆ ಇಂಥ ಅಜ್ಜಿ ಇಲ್ಲದ ಮನೆ ಈ ಊರಿನಲ್ಲಿಲ್ಲ. ಹುಡುಕಲು ಹೊರಡುವವರು ಹೊಟ್ಟೆತುಂಬ ಊಟ ಮಾಡಿಕೊಂಡೇ ಹೊರಡಲಿ.

ಅಜ್ಜಿ ಬೈಯುತ್ತಾರೆ, ಪಕ್ಷ ಅಳುತ್ತದೆ. ಐದೂವರೆ ವರ್ಷದ ತಲೆಗೆ ಇದಕ್ಕಿಂತ ಸ್ಪಷ್ಟವಾದ ತರ್ಕ ಬೇಕೇ? ತಾವಾದರೂ ಪ್ರತಿ ಶುಕ್ರವಾರ 'ನಿಮ್ಮನೇಲಿ ಗೊಣಗಪ್ಪ ಇದ್ದಾರಾ?' ಎಂದು ಹಾಡಿ, ಕಾರ್ಡು ಬರೆದ ಮಕ್ಕಳಿಗೆ ಎರಡು ಕಿವಿಯ ಕಂದು ಟೋಪಿ ಕಳಿಸುವುದಾಗಿ ಆಸೆ ಹುಟ್ಟಿಸಿದ್ದೀರಿ. ಮಗಳು ಒಂದು ಹಳದಿ ಕಾರ್ಡು ತೆಗೆದುಕೊಂಡು, ಒಂದು ಬದಿಗೆ ತಮ್ಮನ್ನೂ ಬಕೆಟ್ಟು ಹಿಡಿದ ಅಜ್ಜಿಯನ್ನೂ ಬಿಡಿಸಿ, ಇನ್ನೊಂದು ಬದಿಗೆ ಹೀಗೆ ಬರೆದಳು: 'ಅಳುವ ಪಕ್ಷಕ್ಕೆ ಸಮಾದಾನ ಹೇಳಿ. ಬಯ್ಯುವುದು ನಮ್ಮ ಅಜ್ಜಿ. ನಾನು ಸಾರಿ ಕೇಳಿಸುತ್ತೇನೆ.' ಕೆಳಗೆ ಮನೆಯ ಪೂರ್ತಿ ವಿಳಾಸ. ಅದರಲ್ಲಿ ಮಾತ್ರ ಒಂದೂ ತಪ್ಪಿಲ್ಲ, ಕಳೆದುಹೋದರೆ ಹೇಳಲಿ ಎಂದು ನಾನೇ ಬಾಯಿಪಾಠ ಮಾಡಿಸಿದ್ದು. ಬಣ್ಣ ಹಚ್ಚುವ ಸ್ಪರ್ಧೆಯಿರಬೇಕೆಂದು ತಿಳಿದು ನನ್ನ ಹೆಂಡತಿ ಬೀದಿಯ ಕೊನೆಯ ಅಂಚೆಡಬ್ಬಿ ಎಟುಕಲೆಂದು ಅವಳನ್ನು ಎತ್ತಿ ಹಿಡಿದಳು. ಕಾರ್ಡನ್ನು ಮಗಳೇ ಸ್ವಹಸ್ತದಿಂದ ಹಾಕಿದಳು.

ನಮಗೆ ಗೊತ್ತಾದದ್ದು ಊಟಕ್ಕೆ ಕೂತಾಗ. "ಅಜ್ಜೀ, ನೀನು ಟೀವೀಲಿ ಬರ್ತೀಯ" ಎಂದಳು. "ನಾನು ಬರೋದಿರ್ಲಿ, ಮೊದ್ಲು ನೀರು ಬರ್ಲಿ" ಎಂದರು ಅತ್ತೆ. ಆಮೇಲೆ ಮಗಳು ಕಾರ್ಡಿನಲ್ಲಿದ್ದದ್ದನ್ನೆಲ್ಲ ಒಪ್ಪಿಸಿದಳು. ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಕಾರಣ ತಮಗೆ ತಿಳಿದೇ ಇದೆ. ಹೋದ ತಿಂಗಳು ನಮ್ಮ ಬೀದಿಯ ಕ್ಷೌರಿಕರ ಮಗಳೂ ತಮಗೊಂದು ಕಾರ್ಡು ಬರೆದಿದ್ದಳು. ತಾವು ಮಾತಿಗೆ ತಪ್ಪದೆ ಟೋಪಿ ಕಳಿಸಿದಿರಿ. ಟೋಪಿಯ ಹಿಂದೆಯೇ ಇಬ್ಬರು ಸಜ್ಜನರು ಬಂದು, ಕತ್ತರಿ ಹಿಡಿದು ನಿಂತಿದ್ದ ಕ್ಷೌರಿಕರನ್ನು ಹಾಗೆಯೇ ಅಭಿನಂದಿಸಿ, ಹೆಚ್ಚಿನ ಅಭಿನಂದನೆಗೆಂದು ಕಾರಿನಲ್ಲಿ ಕರೆದುಕೊಂಡು ಹೋದರು. ಇಂದಿಗೆ ಇಪ್ಪತ್ತಮೂರು ದಿನ. ಅಂಗಡಿಯ ಮೇಲೆ 'ಕಾರಣಾಂತರದಿಂದ ಮುಚ್ಚಿದೆ' ಎಂಬ ಚೀಟಿ ಇದೆ. ಬೀದಿಯ ಗಂಡಸರೆಲ್ಲ ದಿನೇ ದಿನೇ ತಮ್ಮನ್ನು ಹೋಲುತ್ತಿದ್ದೇವೆ. ಇದೊಂದು ಗೌರವವೆಂದೇ ಭಾವಿಸಿದ್ದೇವೆ. ಆ ಮಗು ಮಾತ್ರ ಟೋಪಿಯನ್ನು ಮುಟ್ಟುವುದಿಲ್ಲ.

ನಮ್ಮ ಅತ್ತೆಯವರೀಗ ಬೈಯುವುದನ್ನು ಬಿಟ್ಟಿದ್ದಾರೆ. ಬಾಗಿಲ ಹಿಂದೆ ಒಂದು ಬಟ್ಟೆಯ ಚೀಲ ಬಂದು ಕೂತಿದೆ. ಅದರಲ್ಲಿ ರಕ್ತದೊತ್ತಡದ ಮಾತ್ರೆ, ಇನ್ನೊಂದು ಕನ್ನಡಕ, ಎರಡು ಸೀರೆ, ಒಂದು ಸೋಪು. ರೋಗಿಗಳಿಗೆ ಚೀಲ ಕಟ್ಟಿಕೊಟ್ಟು ಅಭ್ಯಾಸವಿರುವ ಕೈ, ಏನೂ ಮರೆತಿಲ್ಲ. ಸೋಪು ಯಾಕೆಂದು ಹೆಂಡತಿ ಕಣ್ಣೊರೆಸಿಕೊಂಡು ಕೇಳಿದ್ದಕ್ಕೆ, "ಅಲ್ಲಾದ್ರೂ ನಲ್ಲೀಲಿ ನೀರು ಬರುತ್ತೇನೋ, ನೋಡ್ಬಿಟ್ಟು ಬರ್ತೀನಿ" ಎಂದರು. ನಲ್ಲಿಯ ಮುಂದೆ ಅವರು ಮಾತಿಲ್ಲದೆ ನಿಂತಿರುವುದನ್ನು ಕಂಡು ಮಗಳು ನನ್ನ ಕಿವಿಯಲ್ಲಿ, "ಈಗ ಅವ್ರು ಅಳಲ್ಲ ಅಲ್ವಾ ಅಪ್ಪಾ?" ಎಂದಳು. ತಮ್ಮ ಕಾರ್ಯಕ್ರಮದ ಯಶಸ್ಸಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆದಕಾರಣ ಮಾನ್ಯರಲ್ಲಿ ಕೆಲವು ವಿನಂತಿಗಳು. ಒಂದು ಸಂಜೆ ತಾವು ಬಟ್ಟೆಯ ಬಾಯನ್ನು ಪೂರ್ತಿ ತೆರೆದು ಆ ಅಕ್ಷರವನ್ನು ಎಷ್ಟು ಎಳೆಯಬೇಕೋ ಅಷ್ಟು ಎಳೆದು ಹೇಳಬೇಕು. ಕರಡಿಗಳು ಚಳಿಗಾಲವಿಡೀ ಮಲಗುತ್ತವೆಂದು ಮಗಳ ಪುಸ್ತಕದಲ್ಲಿದೆ. ತಾವು ಇಷ್ಟು ವರ್ಷ ಒಂದು ರಜೆಯನ್ನೂ ಪಡೆಯದೆ ದುಡಿದಿರುವುದರಿಂದ, ಎಲ್ಲವನ್ನೂ ಒಟ್ಟಿಗೆ ಸೇರಿಸಿ ಮಕ್ಕಳು ಮತ ಹಾಕುವ ವಯಸ್ಸಿಗೆ ಬರುವವರೆಗೆ ಮಲಗಬಹುದೇ ಎಂದು ಪರಿಶೀಲಿಸಬೇಕು. ಅದೂ ಆಗದಿದ್ದರೆ, ಒಮ್ಮೆ ಕುತ್ತಿಗೆ ತಿರುಗಿಸಿ ತಮ್ಮ ಬೆನ್ನಿನೊಳಗೆ ಇರುವ ಕೈ ಯಾರದೆಂದು ನೋಡಬೇಕು. ಕುತ್ತಿಗೆಯೂ ಅದೇ ಕೈಯ ಹಿಡಿತದಲ್ಲಿರುವುದರಿಂದ ಇದು ಸ್ವಲ್ಪ ಕಷ್ಟವೆಂದು ಬಲ್ಲೆ.

ತಮ್ಮ ವಿಶ್ವಾಸಿ, ಈ ವಾರದ ಮಟ್ಟಿಗೆ ಅದೇ ವಿಳಾಸದಲ್ಲಿರುವ,
ಒಬ್ಬ ಕರಡು ತಿದ್ದುವವ

ತಾ.ಕ.: ಇದು ಕರಡಿಯವರಿಗಲ್ಲ, ಅವರು ಓದುವುದಿಲ್ಲ, ಓದಿಸಿಕೊಳ್ಳುತ್ತಾರೆ. ಇದು ಓದುಗರಾದ ನಿಮಗೆ. ನಿಮ್ಮಲ್ಲಿ ಯಾರಾದರೂ ವಾಹಿನಿಯ ಕಚೇರಿಯಲ್ಲಿ ಟಪಾಲು ವಿಂಗಡಿಸುವವರಿದ್ದರೆ, ಅಥವಾ ಅಂಥವರ ಅಕ್ಕನೋ ತಮ್ಮನೋ ಆಗಿದ್ದರೆ, ಬಕೆಟ್ಟಿನ ಚಿತ್ರವಿರುವ ಹಳದಿ ಕಾರ್ಡೊಂದು ಬರುತ್ತದೆ. ಅದನ್ನು ಹರಿಯಬೇಡಿ, ಬಚ್ಚಿಡಬೇಡಿ, ನಿಮ್ಮ ಕೆಲಸಕ್ಕೆ ಕುತ್ತು ತಂದುಕೊಳ್ಳಬೇಡಿ. ಚಹಾ ಕುಡಿಯುವಾಗ ಲೋಟವನ್ನು ಐದು ನಿಮಿಷ ಅದರ ವಿಳಾಸದ ಮೇಲೆ ಇಡಿ, ತಳ ಸ್ವಲ್ಪ ಒದ್ದೆಯಿದ್ದರೆ ಸಾಕು. ಬರೆದಿರುವುದು ಸ್ಕೆಚ್ ಪೆನ್ನಿನಲ್ಲಿ.